ಯಾವ ಪುಸ್ತಕ ಕೊಡಲಿ, ಮಾಸ್ಟ್ರೇ?

ಬೇಸಿಗೆ ರಜೆ ಮುಗಿಯಲು ಹತ್ತು ದಿನ ಇರುವಾಗ ಸುಳ್ಯದ ಕಡೆಯ ಅಡಕೆ ಕೃಷಿಕರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಗಳು ಎಂಟನೆಯ ತರಗತಿ ಮುಗಿಸಿ ಒಂಬತ್ತಕ್ಕೆ ಹೋಗುವವಳು. ಬೆಲ್ಲ ನೀರು ಕುಡಿದು, ಮಳೆ ಯಾವಾಗ ಹಿಡಿದೀತು ಎಂಬ ವಿಚಾರ, ಕೊಳೆರೋಗದ ವಿಚಾರ, ಮದ್ದು ಬಿಡಲು ಜನ ಸಿಗದ ವಿಚಾರ ಎಲ್ಲ ಮುಗಿದ ಮೇಲೆ ಅವರು ಅಂಗಿಯ ಕಿಸೆಯಿಂದ ಐನೂರರ ನೋಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಮಾಸ್ಟ್ರೇ, ನೀವು ನಾಡಿದ್ದು ಮಂಗಳೂರಿಗೆ ಹೋಗ್ತೀರಂತೆ. ಇವಳಿಗೆ ಎರಡು ಒಳ್ಳೆಯ ಪುಸ್ತಕ ತರಬೇಕು. ಸುಮ್ಮನೆ ಕಥೆಪುಸ್ತಕ ಬೇಡ. ಮಾರ್ಕಿಗೆ ಉಪಯೋಗ ಆಗುವಂಥದ್ದು ಇರಲಿ."

ನಾನು ಹುಡುಗಿಯ ಕಡೆ ತಿರುಗಿ, "ಈಚೆಗೆ ಓದಿದ ಪುಸ್ತಕ ಯಾವುದು ಮಗಾ?" ಎಂದೆ. ಉತ್ತರ ತಂದೆಯಿಂದ ಬಂತು. "ಅವಳು ಎಲ್ಲಿ ಓದ್ತಾಳೆ ಮಾಸ್ಟ್ರೇ, ಯಾವಾಗ ನೋಡಿದರೂ ಮೊಬೈಲು." ಹುಡುಗಿ ಜಗಲಿಯ ಸಿಮೆಂಟಿನ ಮೇಲೆ ಕಾಲಿನ ಹೆಬ್ಬೆರಳಿನಿಂದ ಏನೋ ಬರೆಯುತ್ತಾ ನಿಂತಿದ್ದಳು.

ಇಪ್ಪತ್ತು ವರ್ಷಗಳ ಹಿಂದೆ ಆಗಿದ್ದರೆ ನಾನು ಆ ನೋಟನ್ನು ತೆಗೆದುಕೊಂಡು ವಿಜ್ಞಾನಿಗಳ ಜೀವನಚರಿತ್ರೆ ಒಂದನ್ನು, ಸಾಮಾನ್ಯ ಜ್ಞಾನದ ಪುಸ್ತಕ ಒಂದನ್ನು ತಂದುಕೊಡುತ್ತಿದ್ದೆ. ತಂದೆಗೆ ಸಂತೋಷವಾಗುತ್ತಿತ್ತು, ನನಗೂ ಕರ್ತವ್ಯ ಮಾಡಿದ ಸಮಾಧಾನ. ಈ ಸಲ ಹಾಗೆ ಮಾಡಲಿಲ್ಲ. ಯಾಕೆಂದು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ.

ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಂಬತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆಯೆತ್ತದೆ ಪುಸ್ತಕದಲ್ಲಿ ಮುಳುಗಿದ್ದ. ಪಾಠದಲ್ಲಿ ಇಷ್ಟು ಆಸಕ್ತಿಯೇ ಎಂದು ಹತ್ತಿರ ಹೋಗಿ ನೋಡಿದರೆ ವಿಜ್ಞಾನ ಪಠ್ಯದ ಹೊಟ್ಟೆಯೊಳಗೆ ಒಂದು ಪತ್ತೇದಾರಿ ಕಾದಂಬರಿ! ಅದನ್ನು ಕಸಿದುಕೊಂಡೆ. ಇಡೀ ತರಗತಿಯ ಎದುರು, "ಇಂಥ ಕಸ ಓದಿದರೆ ತಲೆಯಲ್ಲಿ ಕಸವೇ ತುಂಬುತ್ತದೆ" ಎಂದೆ. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ ನನ್ನ ಕಪಾಟಿನಿಂದ ವಿಜ್ಞಾನಿಗಳ ಸಾಧನೆಯ ಒಂದು ದಪ್ಪ ಪುಸ್ತಕ ಕೊಟ್ಟು, "ಇದನ್ನು ಓದು, ಉದ್ಧಾರ ಆಗ್ತೀ" ಎಂದು ಕಳುಹಿಸಿದೆ. ಮೂರು ವಾರದ ಮೇಲೆ ಅವನು ಪುಸ್ತಕ ಹಿಂದಕ್ಕೆ ಕೊಟ್ಟ. ಮೊದಲ ಹತ್ತು ಪುಟಗಳ ನಂತರ ಅದು ತೆರೆದೇ ಇರಲಿಲ್ಲ ಎಂಬುದು ಹಾಳೆ ನೋಡಿದರೆ ಗೊತ್ತಾಗುತ್ತಿತ್ತು. ಮತ್ತೆ ಅವನು ನನ್ನಲ್ಲಿ ಪುಸ್ತಕ ಕೇಳಲಿಲ್ಲ.

ಮೂರು ವರ್ಷಗಳ ಹಿಂದೆ ಗುತ್ತಿಗಾರಿನಿಂದ ಸುಬ್ರಹ್ಮಣ್ಯಕ್ಕೆ ಹೋಗಲು ಜೀಪು ಹತ್ತಿದೆ. ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡಿ, "ಸಾರ್, ಗುರ್ತ ಸಿಕ್ಕಿತಾ?" ಎಂದ. ಅವನೇ. ಮನೆ, ಮಕ್ಕಳು ಎಲ್ಲ ವಿಚಾರಿಸಿದ ಮೇಲೆ ಏನೋ ಮಾತಿಗೆ, "ಈಗ ಏನಾದರೂ ಓದ್ತೀಯಾ?" ಎಂದು ಕೇಳಿದೆ. "ಎಲ್ಲಿಂದ ಸಾರ್" ಎಂದು ನಕ್ಕ. ಸ್ವಲ್ಪ ದೂರ ಹೋದ ಮೇಲೆ ಅವನೇ ಹೇಳಿದ: "ಆ ಪುಸ್ತಕ ನೀವು ವಾಪಸು ಕೊಡಲೇ ಇಲ್ಲ ಸಾರ್. ಇಪ್ಪತ್ತು ಪುಟ ಓದಲಿಕ್ಕೆ ಬಾಕಿ ಇತ್ತು. ಕೊಂದವ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ." ಅವನು ದೂರಿನ ದನಿಯಲ್ಲಿ ಹೇಳಲಿಲ್ಲ, ತಮಾಷೆಯಾಗಿಯೇ ಹೇಳಿದ. ಪುಸ್ತಕ ಪೇಟೆಯ ಬಾಡಿಗೆ ಅಂಗಡಿಯದಂತೆ. ಅಪ್ಪನಿಗೆ ತಿಳಿಯದ ಹಾಗೆ ಗೇರುಬೀಜ ಹೆಕ್ಕಿ ಮಾರಿ ದಂಡ ಕಟ್ಟಿದನಂತೆ.

ಮನೆಗೆ ಬಂದು ಕಪಾಟುಗಳನ್ನೆಲ್ಲ ಹುಡುಕಿದೆ. ಎರಡು ಸಲ ಮನೆ ಬದಲಿಸಿದವನಲ್ಲಿ ಅದು ಎಲ್ಲಿಂದ ಸಿಗಬೇಕು? ಹೆಸರು ಅವನಿಗೂ ನೆನಪಿಲ್ಲ. ಹಸಿರು ರಕ್ಷಾಪುಟ, ಒಂದು ಹಾಳುಬಾವಿ, ನಿಂತುಹೋದ ಒಂದು ಕೈಗಡಿಯಾರ, ಇಷ್ಟೇ ಗುರುತು. ಅಲ್ಲಿಂದ ಈಚೆಗೆ ಹಳೆಯ ಪುಸ್ತಕ ರಾಶಿ ಹಾಕಿದ್ದನ್ನು ಕಂಡಲ್ಲೆಲ್ಲ ನನ್ನ ಕಣ್ಣು ಹಸಿರು ರಕ್ಷಾಪುಟ ಹುಡುಕುತ್ತದೆ.

ಪತ್ತೇದಾರಿ ಕಾದಂಬರಿಯ ಬಗ್ಗೆ ನನಗೆ ಇದ್ದ ತಾತ್ಸಾರ ಎಷ್ಟು ಹುರುಳಿಲ್ಲದ್ದು ಎಂದು ಆಮೇಲೆ ಯೋಚಿಸಿದ್ದೇನೆ. ಎನ್. ನರಸಿಂಹಯ್ಯನವರು ಹೆಚ್ಚು ಶಾಲೆ ಓದಿದವರಲ್ಲ, ಆದರೆ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ತಡವರಿಸದೆ ಕನ್ನಡ ಓದಲು ಕಲಿತದ್ದು ಅಂಥ ಪುಸ್ತಕಗಳಿಂದ. ಇನ್ನು ವಿಜ್ಞಾನದ ಮೇಷ್ಟ್ರಾಗಿ ನಾನೇ ಹೇಳಬೇಕಾದದ್ದು ಒಂದಿದೆ. ಸುಳಿವು ಕೂಡಿಸುವುದು, ಊಹೆ ಮಾಡುವುದು, ಹೊಸ ಸುಳಿವು ಬಂದಾಗ ಊಹೆಯನ್ನು ಬಿಟ್ಟುಕೊಡುವುದು, ಇದನ್ನೇ ಅಲ್ಲವೇ ನಾವು ಪ್ರಯೋಗಶಾಲೆಯಲ್ಲಿ ಕಲಿಸುವುದು? ಆ ಹುಡುಗ ನನ್ನ ಪಾಠದ ಹೊತ್ತಿನಲ್ಲಿ ಅದನ್ನೇ ಮಾಡುತ್ತಿದ್ದ. ಪಾಠದ ಹೊತ್ತಿನಲ್ಲಿ ಮಾಡಿದ್ದು ತಪ್ಪು, ಸರಿ. ಸಂಜೆ ಪುಸ್ತಕ ಹಿಂದಕ್ಕೆ ಕೊಡದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಹಾಗಾಗಿ ಸುಳ್ಯದ ಹುಡುಗಿಗೆ ಹೆಸರು ಹೇಳುವ ಬದಲು ಒಳಗಿನಿಂದ ಒಂದು ತೋಳು ತುಂಬ ಪುಸ್ತಕ ತಂದು ಜಗಲಿಯ ಬೆಂಚಿನ ಮೇಲೆ ಹರಡಿದೆ. ಕತೆ, ಕಾದಂಬರಿ, ಹಕ್ಕಿಯ ಪುಸ್ತಕ, ಪ್ರವಾಸಕಥನ, ಒಂದೆರಡು ಮಕ್ಕಳ ಪುಸ್ತಕ, ಒಂದು ಇಂಗ್ಲಿಷ್ ಪುಸ್ತಕ, ರಕ್ಷಾಪುಟ ಹರಿದ ಒಂದು ಪತ್ತೇದಾರಿ ಕಾದಂಬರಿಯೂ ಇತ್ತು. "ನಾವು ತೋಟ ನೋಡಿಕೊಂಡು ಬರ್ತೇವೆ, ನೀನು ನೋಡ್ತಾ ಇರು" ಎಂದು ಹೇಳಿ ತಂದೆಯನ್ನು ಕರೆದುಕೊಂಡು ಕೆಳಗಿಳಿದೆ. ದೊಡ್ಡವರು ಎದುರು ನಿಂತು ಕಾಯುತ್ತಿದ್ದರೆ ಮಕ್ಕಳು ತಮಗೆ ಬೇಕಾದದ್ದನ್ನು ಆರಿಸುವುದಿಲ್ಲ, ನಮಗೆ ಬೇಕಾದದ್ದನ್ನು ಆರಿಸುತ್ತಾರೆ.

ತೋಟದಲ್ಲಿ ತಂದೆ ಕೇಳಿದರು: "ಅಲ್ಲ ಮಾಸ್ಟ್ರೇ, ಅವಳಿಗೆ ಯಾವುದು ಒಳ್ಳೆಯದು ಅಂತ ಹೇಗೆ ಗೊತ್ತಾಗಬೇಕು?" ನ್ಯಾಯವಾದ ಪ್ರಶ್ನೆ. ಬಿಟ್ಟುಬಿಡಿ ಎಂದರೆ ಸಾಲದು, ಆರಿಸುವ ಉಪಾಯವನ್ನೂ ಮಕ್ಕಳಿಗೆ ಹೇಳಿಕೊಡಬೇಕು. ನಾನು ಮಕ್ಕಳಿಗೆ ಹೇಳುವುದು ತೀರಾ ಸರಳ. ರಕ್ಷಾಪುಟ ನೋಡಿ, ಆದರೆ ಅದನ್ನೇ ನಂಬಬೇಡಿ. ಮೊದಲ ಪುಟವನ್ನು ಲೇಖಕರು ಎಚ್ಚರಿಕೆಯಿಂದಲೇ ಬರೆದಿರುತ್ತಾರೆ, ನಡುವಿನ ಒಂದು ಪುಟ ತೆರೆದು ಓದಿ. ಓದುವಾಗ ಅರ್ಥವಾಗದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಿಸುತ್ತಾ ಹೋಗಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಿಸಿ ಆದರೆ ಆ ಪುಸ್ತಕವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಮನೆಯವರ ಜೊತೆ ಕೂತು ಓದಿ. ಒಂದೂ ಬೆರಳು ಮಡಿಸದಿದ್ದರೆ ಅದು ಮಲಗುವ ಮೊದಲು ಓದುವ ಪುಸ್ತಕ, ಅದೂ ಬೇಕು. ಇದು ನಾನು ಕಂಡುಹಿಡಿದ ಉಪಾಯವಲ್ಲ, ಬೇರೆ ದೇಶಗಳ ಪ್ರಾಥಮಿಕ ಶಾಲೆಗಳಲ್ಲಿ ಬಹಳ ಕಾಲದಿಂದ ಇರುವುದು.

ವಿಜ್ಞಾನದ ಪುಸ್ತಕವಾದರೆ ಇನ್ನೊಂದು ಪರೀಕ್ಷೆ ಬೇಕು. ಮುದ್ರಣದ ವರ್ಷ ಮಾತ್ರ ನೋಡಿದರೆ ಮೋಸಹೋಗುತ್ತೀರಿ. ಹಳೆಯದನ್ನೇ ತಿದ್ದದೆ ಮತ್ತೆ ಅಚ್ಚುಹಾಕಿ ಹೊಸ ವರ್ಷ ನಮೂದಿಸುವುದುಂಟು. ಸೌರವ್ಯೂಹದ ಪುಟ ತೆರೆಯಿರಿ. ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ತೆಗೆದು ಕುಬ್ಜಗ್ರಹವೆಂದು ಕರೆದದ್ದು 2006ರ ಆಗಸ್ಟ್‌ನಲ್ಲಿ. ಇನ್ನೂ ಒಂಬತ್ತು ಗ್ರಹ ಎಂದೇ ಇದ್ದರೆ ಪುಸ್ತಕವನ್ನು ಯಾರೂ ತಿದ್ದಿಲ್ಲ ಎಂದರ್ಥ. ಮೂಲವಸ್ತುಗಳ ಕೋಷ್ಟಕದಲ್ಲಿ ಏಳನೆಯ ಸಾಲು 118ರವರೆಗೆ ಹೆಸರು ಸಹಿತ ತುಂಬಿದ್ದು 2016ರಲ್ಲಿ. ಭಾರತದ ಬಾಹ್ಯಾಕಾಶ ಸಾಧನೆಯ ಪುಸ್ತಕವಾದರೆ 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದದ್ದು ಇದೆಯೇ ನೋಡಿ. ಮೂರು ನಿಮಿಷದ ಕೆಲಸ. ಅಂಗಡಿಯವರು ಏನೂ ಹೇಳುವುದಿಲ್ಲ. ಹೇಳಿದರೆ ಅಂಗಡಿ ಬದಲಿಸಿ.

ಕತೆ ಕಾದಂಬರಿಗೆ ಈ ಲೆಕ್ಕ ಇಲ್ಲ. ಅಲ್ಲಿ ನೀವು ಓದದೆ ಇರುವ ಪುಸ್ತಕವೇ ಹೊಸ ಪುಸ್ತಕ, ಅದು 1930ರದ್ದಿರಲಿ, ಕಳೆದ ತಿಂಗಳಿನದ್ದಿರಲಿ.

ಎರಡರ ನಡುವೆ ನಿಲ್ಲುವ ಪುಸ್ತಕಗಳೂ ಇವೆ. ನಮ್ಮ ಪುತ್ತೂರಿನಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆ ಇದೆ. ಶಿವರಾಮ ಕಾರಂತರು ಇಲ್ಲಿ ಬಾಲವನದಲ್ಲಿದ್ದ ಕಾಲದಲ್ಲಿ, 1936ರಲ್ಲಿ, ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ತಂದರು. ಮುಂದೆ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು, ವಿಜ್ಞಾನದ ಪದವಿ ಅವರಿಗಿರಲಿಲ್ಲ. ರೇಚೆಲ್ ಕಾರ್ಸನ್‌ರ ಕಡಲಿನ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಎಂದು ಕನ್ನಡಕ್ಕೆ ತಂದವರೂ ಅವರೇ. ಪದವಿ ಪಡೆದ ನಾನು ಆ ಸಂಪುಟಗಳ ಎದುರು ಕೂತಾಗ ಸ್ವಲ್ಪ ಸಣ್ಣವನಾಗುತ್ತೇನೆ. ಹಾಗೆಂದು ‘ಬಾಲಪ್ರಪಂಚ’ವನ್ನು ಹತ್ತನೆಯ ತರಗತಿಯ ಮಗುವಿನ ಕೈಗೆ ಪರೀಕ್ಷೆಗೆಂದು ಕೊಟ್ಟರೆ ಅನ್ಯಾಯವಾದೀತು. ಡಿಎನ್‌ಎಯ ರಚನೆ ತಿಳಿದದ್ದು 1953ರಲ್ಲಿ, ಮೊದಲ ಕೃತಕ ಉಪಗ್ರಹ ಹಾರಿದ್ದು 1957ರಲ್ಲಿ, ಖಂಡಗಳು ಜಾರುತ್ತವೆ ಎಂದು ಭೂವಿಜ್ಞಾನಿಗಳು ಒಪ್ಪಿಕೊಂಡದ್ದು 1960ರ ದಶಕದಲ್ಲಿ. 1936ರ ಪುಸ್ತಕದಲ್ಲಿ ಇವನ್ನು ಹುಡುಕುವ ಹಾಗಿಲ್ಲ. ಒಬ್ಬ ಮನುಷ್ಯ ಕುತೂಹಲ ಒಂದನ್ನೇ ಬಂಡವಾಳ ಮಾಡಿಕೊಂಡು ಕನ್ನಡದಲ್ಲಿ ಜಗತ್ತನ್ನೇ ವಿವರಿಸಲು ಹೊರಟರೆ ಹೇಗಿರುತ್ತದೆ ಎಂದು ನೋಡಲು ಮಾತ್ರ ಅದಕ್ಕಿಂತ ಉತ್ತಮ ಪುಸ್ತಕ ನನಗೆ ಗೊತ್ತಿಲ್ಲ.

ತೋಟದಲ್ಲಿ ನಡೆಯುತ್ತಿದ್ದಾಗ ಅಡಕೆ ಮರದಿಂದ ಮರಕ್ಕೆ ಒಂದು ಹಾರುವ ಓತಿ ತೇಲಿಹೋಯಿತು. ಅದನ್ನು ಕಂಡು ಇನ್ನೊಬ್ಬ ಹುಡುಗನ ನೆನಪಾಯಿತು. ಕಡಬದ ಕಡೆಯವನು, ಓದು ಎಂದರೆ ಮಾರು ದೂರ. ಅವನಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟಿದ್ದೆ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಜೇನು ಹಿಡಿಯುವ ಮಂದಣ್ಣ, ಒಂದು ನಾಯಿ ಇವರೆಲ್ಲ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ನಾಲ್ಕೇ ದಿನದಲ್ಲಿ ಹುಡುಗ ಪುಸ್ತಕ ಮುಗಿಸಿ ಬಂದ. ಮೆಚ್ಚಿ ಮಾತಾಡುತ್ತಾನೆ ಎಂದುಕೊಂಡರೆ ಜಗಳಕ್ಕೇ ಬಂದಿದ್ದ.

"ಸಾರ್, ಕಥೆಯಲ್ಲಿ ಓತಿ ಭಯಂಕರ ಅಪರೂಪ ಅಂತ ಉಂಟು. ನಮ್ಮ ತೋಟದಲ್ಲಿ ದಿನಾ ಕಾಣ್ತದಲ್ಲ!"

ನನಗೆ ಬಂದ ಸಂತೋಷ ಹೇಳತೀರದು. ಕಾದಂಬರಿಕಾರನಿಗೆ ತನ್ನ ಓತಿಯನ್ನು ಎಷ್ಟು ದೂರದಲ್ಲಿಡಬೇಕು ಎಂಬ ಸ್ವಾತಂತ್ರ್ಯ ಇದೆ, ಜೀವಶಾಸ್ತ್ರದ ಪುಸ್ತಕಕ್ಕೆ ಇಲ್ಲ ಎಂದು ವಿವರಿಸಿದೆ. ಮರುದಿನದಿಂದ ಅವನು ಲೆಕ್ಕ ಬರೆಯತೊಡಗಿದ. ಯಾವ ಮರದಲ್ಲಿ, ಎಷ್ಟು ಹೊತ್ತಿಗೆ, ಗಂಟಲಿನ ಹಳದಿ ಚರ್ಮ ಎಷ್ಟು ಸಲ ಹೊರಚಾಚಿತು, ಇರುವೆ ತಿಂದಿತೇ ಎಂದೆಲ್ಲ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದ. ಅದು ರೆಕ್ಕೆ ಬಡಿದು ಹಾರುವುದಲ್ಲ, ಉದ್ದವಾದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯ ಹಾಗೆ ಬಿಡಿಸಿ ತೇಲುವುದು ಎಂದು ನಾನು ಹೇಳುವ ಮೊದಲೇ ಅವನು ನೋಡಿ ತಿಳಿದಿದ್ದ. ಕಾದಂಬರಿಯಿಂದ ವಿಜ್ಞಾನಕ್ಕೆ ಬಂದ ಆ ಹುಡುಗ ಅಲ್ಲಿಂದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ ಹೋದ, ಅಲ್ಲಿಂದ ಜಿ.ಟಿ. ನಾರಾಯಣರಾಯರ ‘ನಕ್ಷತ್ರ ವೀಕ್ಷಣೆ’ಗೆ. ನಾನು ಮೊದಲ ದಿನವೇ ನಕ್ಷತ್ರದ ಪುಸ್ತಕ ಕೊಟ್ಟಿದ್ದರೆ ಅದರ ಗತಿ ನನಗೆ ಗೊತ್ತಿದೆ.

ಒಂದು ಬಗೆಯ ಪುಸ್ತಕದಿಂದ ಇನ್ನೊಂದಕ್ಕೆ ಹೀಗೆ ಪಕ್ಕದ ಮನೆಗೆ ಹೋದ ಹಾಗೆ ಹೋಗಬೇಕು. ರೋಮಾಂಚಕ ಕಾದಂಬರಿ ಬೇಕೆನ್ನುವ ಕಾಲೇಜು ಹುಡುಗರಿಗೆ ಕೆ.ಎನ್. ಗಣೇಶಯ್ಯನವರದ್ದು ಕೊಡಿ. ಅವರು ಕೃಷಿ ವಿಜ್ಞಾನಿ, ಕತೆಯ ಓಟದ ನಡುವೆ ಚರಿತ್ರೆಯನ್ನೂ ವಿಜ್ಞಾನವನ್ನೂ ತರುತ್ತಾರೆ. ಅದು ಹಿಡಿಸಿದವರು ವಸುಧೇಂದ್ರರ ‘ತೇಜೋ-ತುಂಗಭದ್ರಾ’ಕ್ಕೆ (2019) ಹೋಗಬಹುದು, ಲಿಸ್ಬನ್ನಿಗೂ ವಿಜಯನಗರಕ್ಕೂ ಏನು ಸಂಬಂಧ ಎಂದು ತಿಳಿಯುತ್ತದೆ. ದೂರದ ದೇಶದ ಕತೆಗಳು ಬೇಕಾದವರಿಗೆ 25 ಸಂಪುಟಗಳ ‘ವಿಶ್ವ ಕಥಾಕೋಶ’ ಇದೆ. ಅದನ್ನು ಸಂಪಾದಿಸಿದ ನಿರಂಜನರು ಹುಟ್ಟಿದ್ದು ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದಲ್ಲಿ, ಈಗಿನ ಕಡಬ ತಾಲೂಕು. ಕುಳ್ಕುಂದದ ಎಷ್ಟು ಮಕ್ಕಳಿಗೆ ಇದು ಗೊತ್ತಿದೆಯೋ. ಪುತ್ತೂರಿನ ಬೊಳುವಾರಿನಿಂದ ಹೋದ ಬೊಳುವಾರು ಮಹಮದ್ ಕುಂಞಿಯವರು ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂತು. ಅದನ್ನು ಓದಿದ ಮಗು ದೊಡ್ಡದಾದ ಮೇಲೆ ಅವರ ‘ಸ್ವಾತಂತ್ರ್ಯದ ಓಟ’ಕ್ಕೆ ಹೋಗಬಹುದು. ಅದೇ ಬಾಲ ಪುರಸ್ಕಾರ 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೂ 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೂ ಬಂದಿದೆ. ಕನ್ನಡದಲ್ಲಿ ಮಕ್ಕಳಿಗೆ ಹೊಸದಾಗಿ ಯಾರೂ ಬರೆಯುತ್ತಿಲ್ಲ ಎನ್ನುವವರು ಅಂಗಡಿಗೆ ಹೋಗದೆ ವರ್ಷಗಳಾಗಿವೆ ಎಂದು ನಾನು ತಿಳಿಯುತ್ತೇನೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳ ತಂದೆತಾಯಂದಿರು ಬೇರೆಯೇ ಚಿಂತೆ ಹೇಳುತ್ತಾರೆ. ಮನೆಯಲ್ಲಿ ತುಳುವೋ ಅರೆಭಾಷೆಯೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಇಂಗ್ಲಿಷ್, ಕನ್ನಡ ನಡುವಿನಲ್ಲಿ ಬಡವಾಗುತ್ತದೆ. ಐದು ಬೆರಳಿನ ಪರೀಕ್ಷೆಯಲ್ಲಿ ಆ ಮಕ್ಕಳು ಮೊದಲ ಸಾಲಿಗೇ ಮುಷ್ಟಿ ಕಟ್ಟುತ್ತಾರೆ. ಅವರಿಗೆ ಓದು ಎಂದು ಕೊಡಬೇಡಿ, ನೀವು ಓದಿ ಹೇಳಿ. ಹತ್ತನೆಯ ತರಗತಿಯವರಿಗೂ ಓದಿ ಹೇಳಬಹುದು, ನಾಚಿಕೆ ಬೇಡ. ಚಿಕ್ಕವರಿಗಾದರೆ ಪ್ರಥಮ್ ಬುಕ್ಸ್‌ನವರು ಕನ್ನಡ ಇಂಗ್ಲಿಷ್ ಎರಡರಲ್ಲೂ ಚಿತ್ರಪುಸ್ತಕ ತಂದಿದ್ದಾರೆ. ಅವರ ಸ್ಟೋರಿವೀವರ್‌ನಲ್ಲಿ ಹಣ ಕೊಡದೆಯೇ ಓದಬಹುದು, ಮೊಬೈಲಿಗೆ ಒಂದು ಒಳ್ಳೆಯ ಕೆಲಸ ಕೊಟ್ಟ ಹಾಗೂ ಆಯಿತು.

ಬಹುಮಾನದ ಪುಸ್ತಕಗಳ ಬಗ್ಗೆ ಒಂದು ಮಾತು. ಶಾಲಾ ವಾರ್ಷಿಕೋತ್ಸವಕ್ಕೆ ಪುಸ್ತಕ ತರಲು ನಾನೇ ಎಷ್ಟೋ ಸಲ ಹೋಗಿದ್ದೇನೆ. ಯಾವ ಪುಸ್ತಕಕ್ಕೆ ರಿಯಾಯಿತಿ ಹೆಚ್ಚು, ಯಾವುದರ ಮೂವತ್ತು ಪ್ರತಿ ಒಟ್ಟಿಗೆ ಸಿಗುತ್ತದೆ ಎಂದು ನೋಡಿ ತಂದಿದ್ದೇನೆ. ಓಟದಲ್ಲಿ ಗೆದ್ದವನಿಗೂ ಭಾಷಣದಲ್ಲಿ ಗೆದ್ದವಳಿಗೂ ಒಂದೇ ಪುಸ್ತಕ. ಎಷ್ಟೋ ಮನೆಗಳ ಶೋಕೇಸಿನಲ್ಲಿ ಅವು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಕೂತಿರುವುದನ್ನು ಕಂಡು ತಲೆ ತಗ್ಗಿಸಿದ್ದೇನೆ. ಆ ಹೊದಿಕೆಯೊಳಗೆ ತೇವ ಸಿಕ್ಕಿಕೊಂಡರೆ ನಮ್ಮ ಆಟಿಯ ಮಳೆಗೆ ಪುಸ್ತಕಕ್ಕೆ ಬೂಷ್ಟು ಬರುವುದು ಖಂಡಿತ. ಹೊದಿಕೆ ಬಿಚ್ಚಿ, ಗೋಡೆಗೆ ತಾಗದ ಹಾಗೆ ಇಟ್ಟು, ವಾರಕ್ಕೊಮ್ಮೆ ತೆಗೆದು ಹಾಳೆ ಮಗುಚಿದರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ. ಮಗುಚುವಾಗ ಒಂದೆರಡು ಸಾಲು ಓದಿಹೋದರೂ ಹೋದೀತು.

ನಾವು ತೋಟದಿಂದ ಮೇಲೆ ಬಂದಾಗ ಹುಡುಗಿ ಬೆಂಚಿನ ಕೆಳಗೆ ನೆಲದಲ್ಲಿ ಕೂತಿದ್ದಳು. ಮಡಿಲಲ್ಲಿ ರಕ್ಷಾಪುಟ ಹರಿದ ಪತ್ತೇದಾರಿ ಕಾದಂಬರಿ. ತಂದೆ, "ಅದಾ! ಅದು ಬೇಡ" ಎಂದರು. ಅವಳು ಪುಸ್ತಕ ಮಡಚಿದಳು, ಆದರೆ ಬೆರಳನ್ನು ಪುಟದ ನಡುವಿನಿಂದ ತೆಗೆಯಲಿಲ್ಲ. ಆ ಬೆರಳು ನೋಡಿ ನಾನು ಹೇಳಿದೆ: "ಅದನ್ನೂ ಕೊಂಡುಹೋಗಲಿ. ಇನ್ನೊಂದು ಬೇರೆ ಬಗೆಯದ್ದು ಆರಿಸು ಮಗಾ." ಅವಳು ‘ಸೂರಕ್ಕಿ ಗೇಟ್’ ಎತ್ತಿಕೊಂಡು, "ಇದರಲ್ಲಿ ಹಕ್ಕಿ ಉಂಟಾ ಸಾರ್?" ಎಂದು ಕೇಳಿದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. "ಓದಿ ನೀನೇ ಹೇಳು" ಎಂದೆ.

"ಈಗ ನಿಮಗೆ ಒಂದು" ಎಂದು ತಂದೆಯ ಕಡೆ ತಿರುಗಿದೆ. ಅವರು ಹೌಹಾರಿದರು. "ನನಗಾ? ನಾನು ಓದುವವ ಅಲ್ಲ ಮಾರಾಯ್ರೆ." ‘ಅಡಿಕೆ ಪತ್ರಿಕೆ’ ಬರುತ್ತದಾ ಎಂದು ಕೇಳಿದೆ. ಬರುತ್ತದೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ, ಹಳೆಯ ಸಂಚಿಕೆಗಳನ್ನೆಲ್ಲ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದೇನೆ ಎಂದರು. 1988ರಲ್ಲಿ ಪುತ್ತೂರಿನಿಂದ ಹೊರಟ ಆ ಮಾಸಿಕವನ್ನು ಹೀಗೆ ಓದುವವರು ತಾವು ಓದುಗರಲ್ಲ ಎಂದು ಹೇಳಿಕೊಳ್ಳುವುದು ನಮ್ಮ ಕಡೆಯ ಒಂದು ವಿಶೇಷ. ಓದು ಎಂದರೆ ಪರೀಕ್ಷೆಗೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದು ಐವತ್ತು ದಾಟಿದರೂ ಬಿಡುವುದಿಲ್ಲ. ಹೇಳಿದವರು ನನ್ನಂಥ ಮಾಸ್ತರರೇ ಇರಬೇಕು.

ಅವರಿಗೆ ಕಾರಂತರ ‘ಬೆಟ್ಟದ ಜೀವ’ ಕೊಟ್ಟೆ. 1943ರ ಪುಸ್ತಕ, ನಡೆಯುವುದು ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ. "ಅಡಕೆ ತೋಟದ ವಿಚಾರ ಉಂಟು" ಎಂದಷ್ಟೇ ಹೇಳಿದೆ. ಕಾಡು ಕಡಿದು ತೋಟ ಮಾಡಿದ ಮುದುಕ, ಅವನ ಹೆಂಡತಿ, ಮನೆ ಬಿಟ್ಟು ಹೋದ ಮಗ, ಇದನ್ನು ಹೇಳಲಿಲ್ಲ. ಅವರ ಹಿರಿಯ ಮಗ ಬೆಂಗಳೂರಿನಲ್ಲಿ ಇರುವುದು, ಎರಡು ವರ್ಷದಿಂದ ಹಬ್ಬಕ್ಕೂ ಬಾರದೆ ಇರುವುದು ನನಗೆ ಗೊತ್ತಿತ್ತು. ಕೊಟ್ಟ ಮೇಲೆ, ಕೊಡಬಾರದಿತ್ತೇನೋ ಎಂದೂ ಅನಿಸಿತು.

ಐನೂರರ ನೋಟನ್ನು ಹಿಂದಕ್ಕೆ ಕಿಸೆಗೆ ಹಾಕಿಸಿದೆ. ಪುಸ್ತಕ ಕೊಳ್ಳಬೇಡಿ ಎನ್ನುವವನಲ್ಲ ನಾನು. ಪುತ್ತೂರು ಕರ್ನಾಟಕ ಸಂಘದ ಬೋಳಂತಕೋಡಿ ಈಶ್ವರ ಭಟ್ಟರು ಕನ್ನಡ ಪುಸ್ತಕ ಪ್ರಕಟಿಸಿ ಜನರ ಕೈಗೆ ಮುಟ್ಟಿಸಲು ದುಡಿದ ಊರು ಇದು. ಮಂಗಳೂರಿಗೆ ಹೋದಾಗಲೆಲ್ಲ ಅತ್ರಿ ಬುಕ್ ಸೆಂಟರಿಗೆ ಹೋಗಿ ನಿಂತುಕೊಂಡೇ ಅರ್ಧ ಪುಸ್ತಕ ಓದಿ, ಆಮೇಲೆ ನಾಚಿಕೆಯಾಗಿ ಕೊಂಡುಕೊಳ್ಳುತ್ತಿದ್ದವನು ನಾನು. ಆ ಅಂಗಡಿ 2012ರಲ್ಲಿ ಮುಚ್ಚಿತು. ಆದರೆ ಮೊದಲು ಎರವಲು ತಂದು ಓದಿ, ಮತ್ತೆ ಮತ್ತೆ ಬೇಕೆನಿಸಿದ್ದನ್ನು ಕೊಂಡರೆ ಹಣವೂ ಸಾರ್ಥಕ, ಕಪಾಟೂ ಸಾರ್ಥಕ. ಗ್ರಾಮ ಪಂಚಾಯತಿನ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂದು ಶುರುವಾದ ಕಾರ್ಯಕ್ರಮ ಅದು, 6ರಿಂದ 18 ವರ್ಷದವರಿಗೆ. ನಿಮ್ಮ ಪಂಚಾಯತಿನಲ್ಲಿ ಕೇಳಿ ನೋಡಿ ಎಂದು ಹೇಳಿ ಕಳುಹಿಸಿದೆ.

ಒಂದು ತಿಂಗಳು ಕಳೆದು, ಒಳ್ಳೆಯ ಮಳೆಯಲ್ಲಿ, ಅಪ್ಪ ಮಗಳು ಮತ್ತೆ ಬಂದರು. ಪುಸ್ತಕಗಳನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಹುಡುಗಿ ಪತ್ತೇದಾರಿಯನ್ನು ಎರಡು ಸಲ ಓದಿದ್ದಳು. "ಕೊಂದವ ಯಾರು ಅಂತ ನನಗೆ ಅರ್ಧದಲ್ಲೇ ಗೊತ್ತಾಯಿತು, ಹೇಗೆ ಗೊತ್ತಾಯಿತು ಅಂತ ನೋಡ್ಲಿಕ್ಕೆ ಇನ್ನೊಮ್ಮೆ ಓದಿದೆ" ಎಂದಳು. ‘ಸೂರಕ್ಕಿ ಗೇಟ್’ ಅರ್ಧ ಆಗಿದೆಯಂತೆ, ಇನ್ನೂ ಹದಿನೈದು ದಿನ ಬೇಕಂತೆ.

ತಂದೆ ‘ಬೆಟ್ಟದ ಜೀವ’ವನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು: "ರಾತ್ರಿ ಕರೆಂಟು ಇಲ್ಲದಾಗ ಇವಳ ಅಮ್ಮನಿಗೆ ಓದಿ ಹೇಳಿದೆ. ಮಗನ ವಿಷಯ ಬರುವಲ್ಲಿ ಅವಳು, ಸಾಕು ನಿಲ್ಲಿಸಿ ಅಂತ ಎದ್ದು ಹೋದಳು. ಎರಡು ದಿನ ಪುಸ್ತಕ ತೆಗೆಯಲಿಲ್ಲ. ಮೂರನೇ ದಿನ ಅವಳೇ ಚಿಮಿಣಿ ದೀಪ ತಂದಿಟ್ಟು, ಮುಂದೆ ಏನಾಯಿತು ಓದಿ ಅಂದಳು." ನಾನು ಏನೂ ಕೇಳಲಿಲ್ಲ. "ಮುಗಿದ ದಿನ ಮಗನಿಗೆ ಫೋನು ಮಾಡಿದಳು. ಪುಸ್ತಕದ ವಿಚಾರ ಹೇಳಲಿಲ್ಲ. ಸುಮ್ಮನೆ ಮಾತಾಡಿದಳು, ಸುಮಾರು ಹೊತ್ತು" ಎಂದರು.

ಹೊರಡುವಾಗ ಅಪ್ಪ ಇನ್ನೊಂದು ಪುಸ್ತಕ ಕೇಳಿದರು, ಆದರೆ ಈ ಸಲ ಸ್ವಲ್ಪ ನಗುವಂಥದ್ದು ಇರಲಿ ಎಂದರು. ‘ಹಸುರು ಹೊನ್ನು’ ಕೊಟ್ಟೆ. ಹುಡುಗಿಗೆ ಪಂಚಾಯತು ಗ್ರಂಥಾಲಯದಲ್ಲಿ ಕಾರ್ಡು ಆಗಿದೆ. "ಅಪ್ಪನಿಗೂ ಒಂದು ಮಾಡಿಸಿ ಅಂತ ಹೇಳಿ ಸಾರ್, ನನ್ನ ಕಾರ್ಡಿನಲ್ಲೇ ತರ್ಲಿಕ್ಕೆ ಹೇಳ್ತಾರೆ, ಆಗ ನನ್ನ ಪುಸ್ತಕಕ್ಕೆ ಜಾಗ ಇರುವುದಿಲ್ಲ" ಎಂದು ಕೊಡೆ ಬಿಡಿಸುತ್ತಾ ದೂರಿದಳು.